ಸ್ಟೇಟ್‌ಬ್ಯಾಂಕ್ ಸ್ಟಾಪಿನಿಂದ: ಓದುಗರ ಪ್ರಶ್ನೆ, ಹಳೇ ಕಂಡಕ್ಟರನ ಉತ್ತರ

(ಮಂಗಳೂರಿನ ಖಾಸಗಿ ಸಿಟಿ ಬಸ್ಸುಗಳಲ್ಲಿ 31 ವರ್ಷ ಟಿಕೆಟು ಹರಿದು, ಈಗ ಬೋಳೂರಿನ ಮನೆ ಜಗಲಿಯಲ್ಲಿ ಕೂತಿರುವ ನಮ್ಮ ಅಂಕಣಕಾರರಿಗೆ ಈ ಸಲ ಬಂದ ಪತ್ರಗಳೆಲ್ಲ ರಜೆಯವೇ.)

ಪ್ರಶ್ನೆ: ಡಿಸೆಂಬರ್ ಕೊನೆಯಲ್ಲಿ ಮೂರು ದಿನಕ್ಕೆ ಮಂಗಳೂರಿಗೆ ಬರುತ್ತಿದ್ದೇವೆ. ನಾನು, ನಮ್ಮ ಯಜಮಾನರು, ಇಬ್ಬರು ಸಣ್ಣ ಮಕ್ಕಳು, ಜೊತೆಗೆ ಮಾವ. ಮಾವ ರಿಟೈರ್ಡ್ ಕನ್ನಡ ಮೇಷ್ಟ್ರು, ಮೊಣಕಾಲು ನೋವು. ನಾನು ಹತ್ತೊಂಬತ್ತು ಜಾಗಗಳ ಪಟ್ಟಿ ಮಾಡಿಟ್ಟಿದ್ದೇನೆ. ಟ್ಯಾಕ್ಸಿ ಮಾಡಿದರೆ ಎಲ್ಲಾ ಮುಗಿಸಬಹುದಾ ಸರ್?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮುಗಿಸಬಹುದು ಅಕ್ಕ. ನಾವೂ ದಿನಕ್ಕೆ ಹತ್ತು ಟ್ರಿಪ್ಪು ಮುಗಿಸುತ್ತಿದ್ದೆವು. ಆ ಹತ್ತರಲ್ಲಿ ಒಂದು ಸಲವೂ ಕಿಟಕಿಯಾಚೆ ಏನಿತ್ತು ಅಂತ ಕೇಳಿದರೆ ನನಗೆ ಗೊತ್ತಿಲ್ಲ. ಪಟ್ಟಿಯನ್ನು ಮಡಚಿ ಬ್ಯಾಗಿನ ಅಡಿಗೆ ಹಾಕಿ. ದಿನಕ್ಕೆ ಒಂದೇ ದಿಕ್ಕು ಸಾಕು.

ಬಂದ ದಿನವೇ, ಸಂಜೆ ನಾಲ್ಕೂವರೆಗೆ, ಸುಲ್ತಾನ್ ಬತ್ತೇರಿಗೆ ಬನ್ನಿ. ನಮ್ಮ ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ. 1784ರಲ್ಲಿ ಟಿಪ್ಪು ಕಟ್ಟಿಸಿದ ಕರಿಕಲ್ಲಿನ ಕಾವಲು ಬುರುಜು ಅದು, ನದಿಯೊಳಗೆ ಶತ್ರು ಹಡಗು ನುಗ್ಗದ ಹಾಗೆ ನೋಡಲಿಕ್ಕೆ. ದೊಡ್ಡ ಕೋಟೆ ಅಂತ ಊಹಿಸಿ ಬಂದವರಿಗೆ 'ಇಷ್ಟೇನಾ?' ಅನ್ನಿಸುತ್ತದೆ. ಹೌದು, ಇಷ್ಟೇ. ಮಕ್ಕಳು ಮೆಟ್ಟಿಲು ಹತ್ತಿ ಕೋವಿಯ ಕಿಂಡಿಯಲ್ಲಿ ಕಣ್ಣಿಟ್ಟು ಬರಲಿ, ಮಾವ ಕೆಳಗೆ ಗಾಳಿಗೆ ಕೂರಲಿ. ಬತ್ತೇರಿ ಒಂದು ನೆಪ. ವಿಷಯ ಇರುವುದು ಅದರ ಬುಡದಲ್ಲಿರುವ ದೋಣಿಕಟ್ಟೆಯಲ್ಲಿ.

ಅಲ್ಲಿಂದ ಫೆರಿ ಹತ್ತಿ ಗುರುಪುರ ನದಿ ದಾಟಿದರೆ ತಣ್ಣೀರುಬಾವಿ. ದಾಟಲಿಕ್ಕೆ ಕೆಲವೇ ನಿಮಿಷ ಬೇಕು. ಒಂದು ಕಡೆ ನದಿ, ಒಂದು ಕಡೆ ಸಮುದ್ರ, ನಡುವೆ ನಾಲಗೆ ಚಾಚಿದ ಹಾಗೆ ಮರಳಿನ ಪಟ್ಟಿ. ಟ್ಯಾಕ್ಸಿಯಲ್ಲಿ ಕೂಳೂರು ಸುತ್ತಿ ಹೋದರೂ ಇದೇ ಕಡಲು ಸಿಗುತ್ತದೆ, ಆದರೆ ಹೊಳೆ ದಾಟಿ ಸಮುದ್ರಕ್ಕೆ ಬಂದೆವು ಅನ್ನುವ ಸಂಗತಿ ಸಿಗುವುದಿಲ್ಲ. ಆ ಬದಿ ಇಳಿದ ಮೇಲೆ ಸ್ವಲ್ಪ ನಡೆಯುವುದುಂಟು. ಮಾವನನ್ನು ಅವಸರ ಮಾಡಬೇಡಿ, ನಡುವೆ ಒಂದು ಬೊಂಡ ಕುಡಿಸಿ (ನಿಮ್ಮ ಕಡೆ ಎಳನೀರು ಅನ್ನುತ್ತೀರಿ). ಗಾಳಿಮರಗಳ ತೋಪು ದಾಟಿದ ಕೂಡಲೇ ನೀರು. ಬಲಕ್ಕೆ ನೋಡಿದರೆ ಬಂದರಿನ ಸರದಿಗೆ ಕಾದು ನಿಂತ ಹಡಗುಗಳು, ನಮ್ಮ ಸ್ಟೇಟ್‌ಬ್ಯಾಂಕಿನಲ್ಲಿ ಬಸ್ಸು ನಿಂತ ಹಾಗೇ. ಸೂರ್ಯ ಆರು ಗಂಟೆ ದಾಟುತ್ತಿದ್ದಂತೆ ಮುಳುಗುತ್ತಾನೆ. ಕೊನೆಯ ದೋಣಿ ಎಷ್ಟು ಹೊತ್ತಿಗೆ ಅಂತ ಹೋಗುವಾಗಲೇ ಕೇಳಿಟ್ಟುಕೊಳ್ಳಿ. ನನ್ನ ಹೆಂಡತಿಯ ಅಣ್ಣನವರು ಕೇಳದೆ ಹೋಗಿ, ಕತ್ತಲಲ್ಲಿ ಆಟೋಗೆ ಇಮ್ಮಡಿ ಕೊಟ್ಟು ಊರು ಸುತ್ತಿ ಬಂದರು. ಇವತ್ತಿಗೂ ಅದು ನನ್ನ ತಪ್ಪು.

ಮರುದಿನ ಗುಡ್ಡದ ದಿಕ್ಕು. ಇದು ಮಾವನ ದಿನ. ಬಲ್ಮಠಕ್ಕೆ ಕರೆದುಕೊಂಡು ಹೋಗಿ. ಬಾಸೆಲ್ ಮಿಶನ್ ಅನ್ನುವ ಕ್ರೈಸ್ತ ಪಾದ್ರಿಗಳ ಸಂಸ್ಥೆ ನೆಲೆಯೂರಿದ್ದು ಅಲ್ಲೇ. ಅದರ ಮೋಗ್ಲಿಂಗ್ ಸಾಹೇಬರು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರ ಜುಲೈ 1ರಂದು ಹೊರಡಿಸಿದ್ದು ಈ ಊರಿನಿಂದ, ಕಲ್ಲಚ್ಚಿನಲ್ಲಿ. ಮರುವರ್ಷ ಅದು ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಆಯಿತು. ಮೇಷ್ಟ್ರು ಕ್ಲಾಸಿನಲ್ಲಿ ಬಿಡಿಸಿ ನೋಡಿರಬಹುದಾದ ಕಿಟ್ಟೆಲ್ ನಿಘಂಟು ಕೂಡ 1894ರಲ್ಲಿ ಇಲ್ಲಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲೇ ಅಚ್ಚಾದದ್ದು. ನಿಮ್ಮ ಅಜ್ಜನ ಮನೆಗೆ ಮಂಗಳೂರು ಹಂಚು ಇತ್ತೋ? ಅದರ ಬೇರೂ ಇವರದ್ದೇ: 1865ರಲ್ಲಿ ಜೆಪ್ಪುವಿನ ಕಾರ್ಖಾನೆ, ಹೊಳೆದಂಡೆಯ ಜೇಡಿಮಣ್ಣು. ಬಲ್ಮಠದಲ್ಲಿ ಕಣ್ಣು ಕುಕ್ಕುವಂಥದ್ದು ಏನೂ ಇಲ್ಲ, ಮಕ್ಕಳಿಗೆ ಬೇಸರ ಬರುವುದು ಖಂಡಿತ. ಬರಲಿ ಬಿಡಿ, ಅರ್ಧ ಗಂಟೆ.

ಅಲ್ಲಿಂದ ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲ್ ಹತ್ತಿರ. ಒಳಗೆ ಗೋಡೆ, ಕಮಾನು, ಮಾಡು (ಚಾವಣಿ) ಒಂದನ್ನೂ ಬಿಡದೆ ಚಿತ್ರ. ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೇನಿ ಅನ್ನುವ ಬ್ರದರ್ 1899ರಲ್ಲಿ ಶುರುಮಾಡಿ ಸುಮಾರು ಎರಡೂವರೆ ವರ್ಷ ಬಿಡಿಸಿದ್ದು. ಗೋಡೆಯದ್ದು ಗಾರೆಯ ಮೇಲಿನ ಬಣ್ಣ, ಮಾಡಿನದ್ದು ಕ್ಯಾನ್ವಾಸಿಗೆ ಎಣ್ಣೆಬಣ್ಣ. ಬೆಂಚಿನಲ್ಲಿ ಕೂತು ತಲೆ ಎತ್ತಿ ನೋಡಬಹುದು, ಮೊಣಕಾಲಿಗೆ ಕೆಲಸವಿಲ್ಲ. ಇಪ್ಪತ್ತು ವರ್ಷ ಆ ಗೇಟಿನ ಮುಂದೆ ಸೀಟಿ ಊದಿದವ ನಾನು, ಒಳಗೆ ಕಾಲಿಟ್ಟದ್ದು ರಿಟೈರಾದ ಮೇಲೆ.

ಸಂಜೆ ಕದ್ರಿ. ಮಂಜುನಾಥನಿಗೆ ಕೈಮುಗಿದು ಬಂದುಬಿಡಬೇಡಿ, ಲೋಕೇಶ್ವರನ ಕಂಚಿನ ವಿಗ್ರಹ ನೋಡಿ. ಪೀಠದ ಶಾಸನದಲ್ಲಿ ಆಳುಪ ರಾಜ ಕುಂದವರ್ಮನ ಹೆಸರು, ಕ್ರಿ.ಶ. 968. ಮೇಲಿನ ಕೆರೆಗಳಿಗೆ ಮೆಟ್ಟಿಲು ಹತ್ತಬೇಕು, ಅದು ಮಕ್ಕಳಿಗೆ.

ಮೂರನೇ ದಿನ ಪಿಲಿಕುಳ. ಪ್ರಾಣಿಗಳು, ತಾರಾಲಯ, ಕೆರೆಯಲ್ಲಿ ಬೋಟು, ಮಕ್ಕಳ ದಿನ ಕಳೆಯಿತು. ವಾರದ ರಜೆ ಯಾವಾಗ ಅಂತ ಕೇಳಿಕೊಂಡು ಹೊರಡಿ.

ಒಂದೆರಡು ಸಲವಾದರೂ ಟ್ಯಾಕ್ಸಿ ಬಿಟ್ಟು ಸಿಟಿ ಬಸ್ಸು ಹತ್ತಿ. ಇಲ್ಲಿ 'ಸ್ಟೇಟ್‌ಬ್ಯಾಂಕ್' ಅಂದರೆ ಬಸ್ಸು ನಿಲ್ದಾಣ. ಪಾಸ್‌ಬುಕ್ ಹಿಡಿದು ಬಂದವರನ್ನೂ ಕಂಡಿದ್ದೇನೆ. 'ಜ್ಯೋತಿ' ಅಂದರೆ ಸ್ಟಾಪು, ಟಾಕೀಸು ಹೋಗಿ ಹೆಸರು ಉಳಿದದ್ದು. ಕಂಡಕ್ಟರ್ 'ದುಂಬು ಪೋಲೆ' ಅಂದರೆ ಮುಂದೆ ಹೋಗಿ ಅಂತ, ಬೈಗುಳ ಅಲ್ಲ. 'ರೈಟ್ ಪೋಯಿ' ಅಂದರೆ ಡ್ರೈವರಿಗೆ. ಮಾವನಿಗೆ ಸೀಟು ಕೇಳಿ, ಕೊಡಿಸುತ್ತಾರೆ.

ಪ್ರಶ್ನೆ: ಅಂಕಲ್, ಜುಲೈದಾಗ ನಾವು ನಾಲ್ಕು ಜನ ದೋಸ್ತರು ಬರ್ತೀವಿ. ಸಮುದ್ರದಾಗ ಈಜಬೇಕು, ಸರ್ಫಿಂಗ್ ಕಲೀಬೇಕು, ತಾಜಾ ಮೀನು ತಿನ್ನಬೇಕು. ಎಲ್ಲಿ ಚಲೋ?
– ವಿದ್ಯಾರ್ಥಿ, ಕಲಬುರಗಿ

ಉತ್ತರ: ತಮ್ಮಾ, ಮೂರಕ್ಕೂ ಜುಲೈ ಆಗುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳಿಗೆ ಕಡಲಿಗಿಳಿಯಲು ನಿಷೇಧ. ಮೀನು ಮರಿಯಿಡುವ ಕಾಲ. ದಕ್ಕೆಯಲ್ಲಿ (ಮೀನುಗಾರಿಕೆ ಬಂದರಿನಲ್ಲಿ) ಬೋಟುಗಳು ಒತ್ತೊತ್ತಾಗಿ ಕಟ್ಟಿ ನಿಂತಿರುತ್ತವೆ. ಕಡಲು ಬಿಟ್ಟ ದಿನ ನಾಡದೋಣಿಯವರು ತಂದದ್ದಷ್ಟೇ ತಾಜಾ, ಅದರ ರೇಟು ಕೇಳಿದರೆ ನೀವು ಕಲಬುರಗಿಗೆ ವಾಪಸು ಹೋಗಲಿಕ್ಕೆ ಸಾಲ ಮಾಡಬೇಕು.

ಈಜಿನ ಮಾತಂತೂ ಬೇಡ. ಒಮ್ಮೆ ಮಳೆಗಾಲದಲ್ಲಿ ಮೈಸೂರಿನಿಂದ ತಂಗಿಯ ಮಗ ಬಂದಿದ್ದ. 'ಮೊಣಕಾಲ ಮಟ್ಟ ಪರವಾಗಿಲ್ಲ ಹೋಗು' ಅಂದವನು ನಾನೇ. ತೆರೆ ಹಿಂದೆ ಸರಿಯುವಾಗ ಅಡಿಯ ಮರಳನ್ನೇ ಎಳೆದುಕೊಂಡಿತು. ಹುಡುಗ ಕೂತ, ಆಮೇಲೆ ಕಾಣಲಿಲ್ಲ. ದಡದಲ್ಲಿ ಬಲೆ ಹೆಣೆಯುತ್ತಿದ್ದ ಇಬ್ಬರು ಮೊಗವೀರ ಅಣ್ಣಂದಿರು ಹಗ್ಗ ಹಿಡಿದು ಹಾರಿ ಎಳೆದು ತಂದರು. ಬದುಕಿದ. ತಂಗಿಗೆ ನಾನು ಆ ವಿಷಯ ಹೇಳಿದ್ದು ಅವನ ಮದುವೆಯಾದ ಮೇಲೆ. ಸೋಮೇಶ್ವರದ ಬಂಡೆಗಳ ಹತ್ತಿರವಂತೂ ಯಾವ ತಿಂಗಳಲ್ಲೂ ನೀರಿಗಿಳಿಯಬೇಡಿ, ನೋಡಲಿಕ್ಕೆ ಮಾತ್ರ ಚಂದ.

ಮೂಲ್ಕಿ, ಸಸಿಹಿತ್ಲು ಕಡೆ ಸರ್ಫಿಂಗ್ ಕಲಿಸುವವರಿದ್ದಾರೆ. ಮಳೆ ನಿಂತ ಮೇಲೆ ಬನ್ನಿ.

ಇಲ್ಲ, ಜುಲೈಯಲ್ಲೇ ಬರುವುದು ಅಂತಾದರೆ ಮಳೆ ನೋಡಲಿಕ್ಕೆ ಬನ್ನಿ. ಬೆಂಗಳೂರಿನಿಂದ ಹಗಲಿನ ರೈಲು ಹಿಡಿಯಿರಿ. ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗೆ ಘಾಟಿಯಲ್ಲಿ 57 ಸುರಂಗ, ಎರಡು ಸುರಂಗಗಳ ನಡುವೆ ಅರೆಗಳಿಗೆ ಬೆಳಕು, ಆ ಬೆಳಕಿನಲ್ಲಿ ಒಂದೊಂದು ಝರಿ. ಊರಿಗೆ ಬಂದರೆ ತುಳುವರ ಆಟಿ ತಿಂಗಳ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಪತ್ರೊಡೆ ಸಿಗುತ್ತದೆ, ಕೆಸುವಿನೆಲೆಗೆ ಮಸಾಲೆ ಹಿಟ್ಟು ಸವರಿ ಸುತ್ತಿ ಬೇಯಿಸಿದ್ದು. ಆಟಿ ಅಮಾಸೆಯ ದಿನ ಯಾರಾದರೂ ಮನೆಗೆ ಕರೆದರೆ ಹೋಗಿ. ಸೂರ್ಯ ಹುಟ್ಟುವ ಮೊದಲು ಹಾಲೆಮರದ ತೊಗಟೆಯನ್ನು ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ ತಂದು ಕಷಾಯ ಮಾಡುತ್ತಾರೆ. ಕಹಿ ಅಂದರೆ ಏನು ಅಂತ ಅವತ್ತು ಗೊತ್ತಾಗುತ್ತದೆ. ಆ ಮೇಲೆ ಮೆಂತೆ ಗಂಜಿ ಕೊಡುತ್ತಾರೆ, ಹೆದರಬೇಡಿ. ಮರ ಗೊತ್ತಿಲ್ಲದವರು ತಾವೇ ತೊಗಟೆ ಕೀಳಲು ಹೋಗಬಾರದು.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಮಂಗಳೂರಲ್ಲಿ ಮೀನು ಬಿಟ್ಟು ಬೇರೇನಾದರೂ ಸಿಗುತ್ತದೆಯೇ?
– ಓದುಗರು, ತುಮಕೂರು

ಉತ್ತರ: ಮಾರಾಯ್ರೆ, ಉಡುಪಿ ಹೋಟೆಲು ಅನ್ನುವುದು ಇಡೀ ದೇಶಕ್ಕೆ ಹೋದದ್ದು ಈ ಕರಾವಳಿಯಿಂದಲ್ಲವೋ! ಬೆಳಿಗ್ಗೆ ಬನ್ಸ್ ತಿನ್ನಿ. ಬೇಕರಿಯದ್ದಲ್ಲ, ಹಣ್ಣಾದ ಬಾಳೆಹಣ್ಣು ಕಿವುಚಿ ರಾತ್ರಿಯೇ ಹಿಟ್ಟು ನಾದಿಟ್ಟು ಕರಿದದ್ದು. ಸಂಜೆ ಗೋಳಿಬಜೆ (ಮೈದಾ ಹಿಟ್ಟಿನ ದುಂಡು ಬಜ್ಜಿ), ಚಟ್ನಿ. ಎಲ್ಲಾದರೂ ಮೂಡೆ ಕಂಡರೆ ಬಿಡಬೇಡಿ. ಅದು ಇಡ್ಲಿಯ ಹಿಟ್ಟೇ, ಮುಂಡೇವಿನ (ಕೇದಗೆ ಜಾತಿಯ ಗಿಡ) ಓಲೆಯ ಕೊಳವೆಯಲ್ಲಿ ಬೆಂದು ಬೇರೆಯೇ ಪರಿಮಳ. ರಾತ್ರಿ ಗಡ್‌ಬಡ್ ಐಸ್‌ಕ್ರೀಮು, ಇಬ್ಬರಿಗೆ ಒಂದು ಸಾಕು. ಮೀನಿನ ವಾಸನೆ ಬೇಡವಾದರೆ ಬಂದರಿನ ರಸ್ತೆಗೆ ಬೆಳಿಗ್ಗೆ ಹೋಗಬೇಡಿ, ಅಷ್ಟೆ.

ಪ್ರಶ್ನೆ: ರಜೆಯಲ್ಲಿ ಒಂದು ಯಕ್ಷಗಾನವಾದರೂ ನೋಡಬೇಕೆಂದು ಮಗಳ ಹಟ. ಟಿಕೆಟು ಎಲ್ಲಿ ಸಿಗುತ್ತದೆ? ಏಳು ವರ್ಷದವಳು ರಾತ್ರಿಯೆಲ್ಲ ಕೂರುತ್ತಾಳಾ?
– ತಂದೆಯೊಬ್ಬರು, ಮಂಡ್ಯ

ಉತ್ತರ: ಟಿಕೆಟು ಬೇಡ. ಯಕ್ಷಗಾನಕ್ಕೆ ನಾವು ಆಟ ಅನ್ನುತ್ತೇವೆ. ಹರಕೆ ಆಟ ಯಾರೋ ಒಬ್ಬರು ದೇವರಿಗೆ ಹೇಳಿಕೊಂಡದ್ದು, ನೋಡುವವರೆಲ್ಲ ಅವರ ನೆಂಟರೇ. ದೀಪಾವಳಿಯ ನಂತರ ಹೊರಡುವ ಮೇಳಗಳು (ಆಟದ ತಂಡಗಳು) ಮೇ ಕೊನೆಯ ಪತ್ತನಾಜೆಗೆ (ತುಳು ತಿಂಗಳು ಬೇಶದ ಹತ್ತನೇ ದಿನ) ಗೆಜ್ಜೆ ಬಿಚ್ಚುತ್ತವೆ. ಆ ನಡುವೆ ಬಂದರೆ ಕಟೀಲು ಮೇಳದ ಆಟ ಎಲ್ಲುಂಟು ಅಂತ ಯಾವ ಆಟೋದವರನ್ನು ಕೇಳಿದರೂ ಹೇಳುತ್ತಾರೆ, ಸ್ಥಳೀಯ ಪೇಪರಿನಲ್ಲೂ ಇರುತ್ತದೆ. ಈಗ ಬಹಳ ಕಡೆ ಕಾಲಮಿತಿ, ನಡುರಾತ್ರಿಯ ಹೊತ್ತಿಗೆ ಮುಗಿಯುತ್ತದೆ. ಆ ಹೊತ್ತಿಗೆ ಬಸ್ಸಿರುವುದಿಲ್ಲ, ಆಟೋದವರನ್ನು ಮೊದಲೇ ಮಾತಾಡಿಟ್ಟುಕೊಳ್ಳಿ.

ಸ್ವಲ್ಪ ಬೇಗ ಹೋಗಿ ಚೌಕಿಯ (ವೇಷ ಕಟ್ಟುವ ಜಾಗ) ಬಾಗಿಲಲ್ಲಿ ನಿಲ್ಲಿ. ವೇಷದವರು ನೆಲದ ಮೇಲೆ ಕೂತು, ಎಡಗೈಯಲ್ಲಿ ಸಣ್ಣ ಕನ್ನಡಿ ಹಿಡಿದು ತಮ್ಮ ಮುಖ ತಾವೇ ಬರೆದುಕೊಳ್ಳುತ್ತಿರುತ್ತಾರೆ. ಮಾತಾಡಿಸಬೇಡಿ, ನೋಡಿದರೆ ಯಾರೂ ಬೇಡ ಅನ್ನುವುದಿಲ್ಲ. ಆಟಕ್ಕೆ ಒಂದು ಬೆಡ್‌ಶೀಟು ತನ್ನಿ. ಮಗಳು ಮಲಗಿದರೆ ಮಲಗಲಿ. 'ದೇವೀ ಮಹಾತ್ಮೆ'ಯಾದರೆ ಮಹಿಷಾಸುರನ ಹೊತ್ತಿಗೆ ಎಬ್ಬಿಸಿ. ಅವನು ರಂಗಸ್ಥಳದಿಂದ ಬರುವುದಿಲ್ಲ, ದೊಂದಿಯ ಬೆಂಕಿಯ ನಡುವೆ ಕೋಣನ ಕೊಂಬು ಆಡಿಸುತ್ತಾ ನಿಮ್ಮ ಬೆನ್ನ ಹಿಂದಿನಿಂದ ಬರುತ್ತಾನೆ. ದಾರಿಯ ಪಕ್ಕದ ಕುರ್ಚಿ ಹಿಡಿದುಕೊಳ್ಳಿ.