ತುರಿಕೆ ನಿಂತಿತು, ಹುಳುಕಡ್ಡಿ ಹೋಗಲಿಲ್ಲ

ಅರಸೀಕೆರೆ ಹತ್ತಿರದ ಹಳ್ಳಿಯಿಂದ ಓದುಗರೊಬ್ಬರು ಬರೆದಿದ್ದಾರೆ: "ಏಳು ವರ್ಷದ ಮಗನ ತಲೆಯಲ್ಲಿ ರೂಪಾಯಿ ಅಗಲ ಕೂದಲು ಉದುರಿ ಹೊಟ್ಟು ಏಳುತ್ತಿದೆ. ನನಗೂ ಸೊಂಟದಲ್ಲಿ ಹುಳುಕಡ್ಡಿ. ಅಂಗಡಿಯ ಟ್ಯೂಬ್ ಹಚ್ಚಿದರೆ ಹೋಗಿ ಮತ್ತೆ ಬರುತ್ತೆ. ಕೆಲವರು ನಾಗದೋಷ ಅಂತಾರೆ. ಮಗನ ತಲೆ ಬೋಳಿಸಬೇಕಾ?"

ತಾಯಿ, ಬೋಳಿಸಿ ಉಪಯೋಗವಿಲ್ಲ. ಕೂದಲು ತೆಗೆದರೂ ಬುಡ ಚರ್ಮದೊಳಗೇ ಉಳಿಯುತ್ತದೆ, ರೋಗ ಇರುವುದೂ ಅಲ್ಲೇ. ಹೆಸರಲ್ಲಿ ಹುಳು ಇದ್ದರೂ ಇದು ಹುಳುವಲ್ಲ, ಒಂದು ಜಾತಿಯ ಬೂಷ್ಟು. ನಡುವೆ ಮಾಯುತ್ತಾ ಅಂಚಿನಲ್ಲಿ ಹರಡುವುದರಿಂದ ಬಳೆಯ ಹಾಗೆ ಕಾಣುತ್ತದೆ. ನಾಗಪ್ಪನಿಗೆ ಹಾಲೆರೆಯುವುದು ನಿಮ್ಮ ಇಷ್ಟ, ಔಷಧಿ ಮಾತ್ರ ತಪ್ಪಿಸಬೇಡಿ.

ಇನ್ನು ಆ ಟ್ಯೂಬ್. ನಾನೂ ಒಮ್ಮೆ ಹಚ್ಚಿದವನೇ. ಎರಡೇ ದಿನಕ್ಕೆ ತುರಿಕೆ ನಿಂತಿತು, ತಿಂಗಳೊಳಗೆ ತೊಡೆಯಲ್ಲಿದ್ದದ್ದು ಹೊಟ್ಟೆಗೂ ಬಂತು! ಇಂಥ ಎಷ್ಟೋ ಟ್ಯೂಬ್‌ಗಳಲ್ಲಿ ಸ್ಟೀರಾಯ್ಡ್ ಬೆರೆಸಿರುತ್ತಾರೆ. ಕ್ಲೊಬೆಟಸಾಲ್, ಬೀಟಾಮೆಥಸೋನ್ ಅಂತ ಸಣ್ಣ ಅಕ್ಷರದಲ್ಲಿ ಇದೆಯಾ ನೋಡಿ. ಅದು ಕೆಂಪು, ತುರಿಕೆ ಅಡಗಿಸುತ್ತದೆ. ಬೂಷ್ಟು ಬೂದಿ ಮುಚ್ಚಿದ ಕೆಂಡದ ಹಾಗೆ ಹರಡುತ್ತಲೇ ಇರುತ್ತದೆ. 2018ರಲ್ಲೇ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಎಂದಿತು. ಮಾರುವವರು ಮಾರುತ್ತಲೇ ಇದ್ದಾರೆ, ನಾವೂ ಕೇಳುತ್ತಲೇ ಇದ್ದೇವೆ. ಈಗ ಟರ್ಬಿನಾಫಿನ್ ಮಾತ್ರೆಗೂ ಜಗ್ಗದ ಬೂಷ್ಟು ಬಂದಿದೆ. 2020ರಲ್ಲಿ ಅದಕ್ಕೆ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂದು ಹೆಸರಿಟ್ಟರು. ಹೆಸರಲ್ಲೇ ಇಂಡಿಯಾ ಇದೆ, ನೋಡಿ.

ಮಗನ ತಲೆಗೆ ಮುಲಾಮು ಸಾಲದು, ಅದು ಕೂದಲ ಬುಡಕ್ಕೆ ಇಳಿಯುವುದಿಲ್ಲ. ಮಾತ್ರೆಯೇ ಬೇಕು. ಗ್ರೈಸಿಯೋಫಲ್ವಿನ್ ಕೊಟ್ಟರೆ ಸಾಮಾನ್ಯವಾಗಿ 6ರಿಂದ 8 ವಾರ. ಎಷ್ಟು ಅನ್ನುವುದನ್ನು ಮಗುವಿನ ತೂಕ ನೋಡಿ ಚರ್ಮದ ಡಾಕ್ಟರೇ ಹೇಳಬೇಕು. ಹಾಲು, ತುಪ್ಪದ ಊಟದ ಜೊತೆ ಕೊಟ್ಟರೆ ಮೈಗೆ ಚೆನ್ನಾಗಿ ಹತ್ತುತ್ತದೆ. ಜಾಗ ಮೆತ್ತಗೆ ಉಬ್ಬಿ ಕೀವು ಬಂದರೆ ಕುರು ಅಂದುಕೊಂಡು ಕೊಯ್ಯಿಸಬೇಡಿ, ಅದೂ ಇದೇ ರೋಗ. ತಡವಾದರೆ ಅಲ್ಲಿ ಕೂದಲು ಮತ್ತೆ ಬಾರದೇ ಹೋಗಬಹುದು.

ನೀವೂ ಜೊತೆಗೇ ತೋರಿಸಿಕೊಳ್ಳಿ. ಬಾಚಣಿಗೆ, ಟವೆಲ್, ದಿಂಬು ಬೇರೆ ಬೇರೆ ಇರಲಿ. ಮನೆಯಲ್ಲಿ ಕರು ಇದೆಯಾ? ಇದ್ದರೆ ಕಣ್ಣಿನ ಸುತ್ತ ಬೂದಿ ಬಣ್ಣದ ಚಕ್ಕೆ ಕಟ್ಟಿದೆಯಾ ನೋಡಿ. ಕರುವಿನಿಂದಲೂ ಮಕ್ಕಳಿಗೆ ಇದು ಅಂಟುತ್ತದೆ. ಹಾಗಿದ್ದರೆ ದನದ ಡಾಕ್ಟರನ್ನೂ ಕರೆಸಿ.