ಪ್ರತಿಕ್ರಿಯೆ: ಸತ್ತವರ ಆತ್ಮಕ್ಕೆ ಪೂಜೆ, ಒಬ್ಬರಲ್ಲಿ ಇದೆ, ಇನ್ನೊಬ್ಬರಲ್ಲಿ ಯಾಕಿಲ್ಲ?

ಕ್ಯಾಥೊಲಿಕ್ ಗೆಳೆಯರು ತೀರಿಕೊಂಡ ಅಪ್ಪನ ಆತ್ಮಶಾಂತಿಗೆ ಪೂಜೆ ಇಡಿಸಿದ್ದಾರೆ, ಪ್ರೊಟೆಸ್ಟೆಂಟ್ ಸಹೋದ್ಯೋಗಿ "ನಮ್ಮಲ್ಲಿ ಅದೆಲ್ಲ ಇಲ್ಲ" ಅನ್ನುತ್ತಾರೆ, ಯಾರ ಮಾತು ಸರಿ ಅಂತ ಕೇಳಿದ್ದೀರಿ. ಇಬ್ಬರದೂ ಸರಿ.

ಕ್ಯಾಥೊಲಿಕರ ನಂಬಿಕೆಯಂತೆ, ದೇವರ ಜೊತೆ ಸ್ನೇಹದಲ್ಲೇ ಸತ್ತರೂ ಒಳಗಿನ ಕೊಳೆ ಪೂರ್ತಿ ಹೋಗಿರದಿದ್ದರೆ ಸ್ವರ್ಗಕ್ಕೆ ಮುಂಚೆ ಶುದ್ಧಿಯ ಹಂತ ಒಂದಿದೆ. ಇದನ್ನು ಚಿಕ್ಕ ನರಕ ಅಂದುಕೊಳ್ಳುವವರೇ ಜಾಸ್ತಿ. ಹಾಗಲ್ಲ, ಅಲ್ಲಿರುವವರಿಗೆ ಸ್ವರ್ಗ ಖಚಿತ, ಸ್ವಲ್ಪ ತಡ ಅಷ್ಟೇ, ಮತ್ತು ಬದುಕಿರುವವರ ಪ್ರಾರ್ಥನೆ, ಬಲಿಪೂಜೆ (ಚರ್ಚಿನಲ್ಲಿ ಪಾದ್ರಿ ನಡೆಸುವ ಪೂಜೆ), ದಾನ ಅವರಿಗೆ ನೆರವಾಗುತ್ತದೆ ಅಂತ ನಂಬಿಕೆ. ನವೆಂಬರ್ 2 ಇದಕ್ಕೇ ಮೀಸಲಾದ ದಿನ.

ಇದಕ್ಕೆ ಅವರು ಕೊಡುವ ಒಂದು ಆಧಾರ, ಸತ್ತವರಿಗಾಗಿ ಪ್ರಾರ್ಥಿಸಿದ ಪ್ರಸಂಗವಿರುವ ಎರಡನೇ ಮಕ್ಕಬಿಯರ ಗ್ರಂಥದ 12ನೇ ಅಧ್ಯಾಯ. ಪ್ರೊಟೆಸ್ಟೆಂಟರು ಆ ಗ್ರಂಥವನ್ನು ಬೈಬಲ್‌ನ ಭಾಗ ಅಂತ ಒಪ್ಪುವುದಿಲ್ಲ, ಅರ್ಧ ಜಗಳ ಅಲ್ಲೇ ಇದೆ! ಇನ್ನರ್ಧ 1517ರದ್ದು. ದುಡ್ಡು ಕೊಟ್ಟರೆ ಪಾಪದ ಶಿಕ್ಷೆ ಮಾಫಿ ಎಂಬಂತೆ ಚರ್ಚಿನ ಹೆಸರಲ್ಲಿ ಪತ್ರ ಮಾರುತ್ತಿದ್ದುದನ್ನು ಮಾರ್ಟಿನ್ ಲೂಥರ್ (ಪ್ರೊಟೆಸ್ಟೆಂಟ್ ಪಂಥಕ್ಕೆ ನಾಂದಿ ಹಾಡಿದ ಜರ್ಮನ್ ಪಾದ್ರಿ) ವಿರೋಧಿಸಿದರು, ಸಿಟ್ಟು ಬಂದದ್ದು ಸುಮ್ನೆ ಅಲ್ಲ. ನಂಬಿಕೆಯಿಂದಲೇ ರಕ್ಷಣೆ, ಸತ್ತ ಮೇಲೆ ನಾವು ಸೇರಿಸಲು ಏನೂ ಉಳಿದಿಲ್ಲ ಅನ್ನುವುದು ಹೆಚ್ಚಿನ ಪ್ರೊಟೆಸ್ಟೆಂಟರ ನಿಲುವು. ಅವರ ಪ್ರಾರ್ಥನೆ ಉಳಿದವರ ಸಮಾಧಾನಕ್ಕೆ.

ಆರ್ಥೊಡಾಕ್ಸ್ ಕ್ರೈಸ್ತರದು ಇನ್ನೊಂದು ದಾರಿ. ಶುದ್ಧಿಯ ಹಂತದ ಬಗ್ಗೆ ಕ್ಯಾಥೊಲಿಕರ ಬೋಧನೆ ಒಪ್ಪುವುದಿಲ್ಲ, ಆದರೂ 40ನೇ ದಿನ ಸತ್ತವರಿಗಾಗಿ ಪ್ರಾರ್ಥಿಸುತ್ತಾರೆ.

ಪೂಜೆಗೆ ಹೋಗಬಹುದಾ ಅಂದಿರಲ್ಲ, ಧಾರಾಳವಾಗಿ ಹೋಗಿ. ಪರಮಪ್ರಸಾದ (ಪೂಜೆಯಲ್ಲಿ ಹಂಚುವ ಪವಿತ್ರ ರೊಟ್ಟಿ) ಕೊಡುವಾಗ ಮಾತ್ರ ಸಾಲಿಗೆ ಸೇರದೆ ಕೂತಲ್ಲೇ ಇರಿ, ಯಾರೂ ತಪ್ಪು ತಿಳಿಯುವುದಿಲ್ಲ.