ಕ್ಯಾಮೆರಾ ಹಿಡಿದವರು ಯಾರು?

ನಮಸ್ಕಾರ.

ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಅವರ ಕಲಾಜೀವನದ ಬಗ್ಗೆ ನೀವು ಕಳಿಸಿದ ‘ಮಸೂರದ ಹಿಂದಿನ ಮಾಂತ್ರಿಕೆ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲಾರೆ. ವಿಷಯ ಬಿಟ್ಟುಕೊಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದದ ಪತ್ರ.

ತಲೆಬರಹದಲ್ಲೇ ಎಡವಿದ್ದೀರಿ. ಅವರು ಮಸೂರದ ಹಿಂದಿಲ್ಲ, ಮುಂದಿದ್ದಾರೆ. ‘ಅವರು ಸೆರೆಹಿಡಿದ ಅದ್ಭುತ ಚಿತ್ರಗಳು’ ಎಂದು ಮೂರು ಕಡೆ ಬರೆದಿದ್ದೀರಿ. ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ (2000–2004) ಫೋಟೋ ಸರಣಿಯಲ್ಲಿ ಕ್ಯಾಮೆರಾ ಹಿಡಿದವರು ಛಾಯಾಗ್ರಾಹಕಿ ಕ್ಲೇರ್ ಆರ್ನಿ. ‘ಬಾಂಬೆ ಫೋಟೋ ಸ್ಟುಡಿಯೋ’ಗೆ ಮುಂಬೈಯ ಹಳೆಯ ಸ್ಟುಡಿಯೋ ಛಾಯಾಗ್ರಾಹಕ ಜೆ.ಎಚ್. ಠಕ್ಕರ್. ಪುಷ್ಪಮಾಲಾ ಹಳೆಯ ಚಿತ್ರಗಳ ಹೆಣ್ಣುಗಳಂತೆ ವೇಷ ಕಟ್ಟಿ ಎದುರಿಗೆ ನಿಂತವರು. ಇಡೀ ಆಟ ಹೂಡಿದವರೂ ಅವರೇ. ಈ ಎಳೆ ಕೈತಪ್ಪಿದ್ದಕ್ಕೇ ನಿಮ್ಮ ಆರೂ ಪುಟ ದಾರಿ ತಪ್ಪಿವೆ.

ಅವರು ಶಿಲ್ಪಕಲೆ ಕಲಿತ ಬರೋಡಾದ ದಿನಗಳನ್ನು ಅರ್ಧ ವಾಕ್ಯದಲ್ಲಿ ದಾಟಿಸಿ, ‘ಬಳಿಕ ಶಿಲ್ಪಕಲೆ ತೊರೆದರು’ ಎಂದಿದ್ದೀರಿ. ತೊರೆದರೇ? ಮೊದಲು ಟೆರಾಕೋಟಾದಲ್ಲಿ ಹೆಣ್ಣಿನ ರೂಪ ತಿದ್ದುತ್ತಿದ್ದವರು ತೊಂಬತ್ತರ ದಶಕದ ನಡುವಿನಿಂದ ತಮ್ಮ ಮೈಯನ್ನೇ ಮಣ್ಣಾಗಿಸಿಕೊಂಡರು ಅಂತ ನನಗನ್ನಿಸುತ್ತದೆ. ನೀವು ಒಪ್ಪಬೇಕಿಲ್ಲ, ವಾದಿಸಿ. ಆದರೆ ಸುಮ್ಮನೆ ದಾಟಬೇಡಿ.

ಇನ್ನೊಂದು ಕಡೆ ನಗು ತಡೆಯಲಾಗಲಿಲ್ಲ. ‘ಸೋಂಬೇರಿಕಟ್ಟೆ ಎಂಬ ಪ್ರತಿಷ್ಠಿತ ಸಂಸ್ಥೆಯ ಸ್ಥಾಪಕಿ.’ ಸ್ವಾಮಿ, ಆ ಹೆಸರನ್ನು ಒಮ್ಮೆ ಜೋರಾಗಿ ಓದಿಕೊಳ್ಳಿ! ಊರ ಅರಳಿಮರದಡಿ ಕೆಲಸವಿಲ್ಲದವರು ಕೂತು ಹರಟುವ ಕಟ್ಟೆಯನ್ನು ಒಂದು ಕಾಲ್ಪನಿಕ ಸಂಸ್ಥೆಯ ಹೆಸರಾಗಿಸಿದ ತುಂಟತನ ಅದು. ಇಂಗ್ಲಿಷಿನಲ್ಲಿ ಓದುವವರಿಗೆ ಅರ್ಥ ಬಿಡಿಸಿ ಹೇಳಬೇಕು, ಕನ್ನಡದವರಿಗೆ ಬೇಡ. ನಮಗೆ ಪುಕ್ಕಟೆ ಸಿಕ್ಕ ನಗುವನ್ನು ನೀವು ಬಯೋಡೇಟಾಕ್ಕೆ ಸೇರಿಸಿಬಿಟ್ಟಿರಿ.

ಪ್ರದರ್ಶನಗಳ ಪಟ್ಟಿ ಎರಡು ಪುಟವಿದೆ, ಪೂರ್ತಿ ತೆಗೆಯಿರಿ. ‘ಕನ್ನಡದ ಕೀರ್ತಿಪತಾಕೆ’ಯನ್ನೂ ಇಳಿಸಿ. ಆ ಜಾಗದಲ್ಲಿ ಒಂದೇ ಒಂದು ಚಿತ್ರವನ್ನು ನೋಡಿ. ನೀಲಗಿರಿಯ ತೋಡ ಬುಡಕಟ್ಟಿನ ಹೆಂಗಸಿನ ವೇಷದ್ದನ್ನೇ ತೆಗೆದುಕೊಳ್ಳಿ. ಹಿಂದೆ ಕಪ್ಪು-ಬಿಳಿ ಚೌಕಳಿ ಪರದೆ. 19ನೇ ಶತಮಾನದಲ್ಲಿ ಬ್ರಿಟಿಷರು ‘ನೇಟಿವ್’ ಜನರನ್ನು ಅಂಥದ್ದೇ ಪರದೆಯ ಮುಂದೆ ನಿಲ್ಲಿಸಿ, ಮೈಯ ಅಳತೆ ತೆಗೆದು, ಜಾತಿವಾರು ಕಡತ ಮಾಡಿಡುತ್ತಿದ್ದರು. ಅಲ್ಲಿ ನಿಂತವರಿಗೆ ಒಲ್ಲೆ ಅನ್ನುವ ದಾರಿ ಇರಲಿಲ್ಲ. ಇಲ್ಲಿ ಬೆಂಗಳೂರಿನ ಕಲಾವಿದೆ ತಾನಾಗಿ ಹೋಗಿ ನಿಂತಿದ್ದಾಳೆ; ಕ್ಯಾಮೆರಾ ಬ್ರಿಟಿಷ್ ಮೂಲದ ಗೆಳತಿ ಕ್ಲೇರ್ ಕೈಯಲ್ಲಿದೆ. ಯಾರು ಯಾರನ್ನು ಅಳೆಯುತ್ತಿದ್ದಾರೆ? ಲೇಖನ ಶುರುವಾಗಬೇಕಾದ್ದು ಅಲ್ಲಿಂದ.

ವಿಡಿಯೋಗಳಿಗೆ ನೀವು ಕೊಟ್ಟಿರುವುದು ಒಂದು ಸಾಲು. 2004ರ ‘ರಾಷ್ಟ್ರೀಯ್ ಖೀರ್ ಔರ್ ದೇಸೀಯ್ ಸಲಾಡ್’ನಲ್ಲಿ ಹಳೆಯ ಅಡುಗೆ ಪುಸ್ತಕದ ಪುಟಗಳಿಂದ ಸ್ವಾತಂತ್ರ್ಯಾನಂತರದ ಒಂದು ‘ಆದರ್ಶ’ ಕುಟುಂಬ ಎದ್ದುಬರುತ್ತದೆ. ಅಡುಗೆಮನೆಯಲ್ಲಿ ದೇಶ ಕಟ್ಟುವ ಆ ತಮಾಷೆ ಒಂದು ಪ್ಯಾರಾಕ್ಕಾದರೂ ಯೋಗ್ಯ.

ಇಷ್ಟೆಲ್ಲ ಬೈದರೂ ನಾಲ್ಕನೇ ಪುಟದ ಒಂದು ವಾಕ್ಯಕ್ಕೆ ಪೆನ್ಸಿಲ್ ತಾಗಿಸಿಲ್ಲ. ರವಿವರ್ಮನ ಲಕ್ಷ್ಮಿಯಾಗಿ ನಿಂತ ಪುಷ್ಪಮಾಲಾರನ್ನು ಕಂಡಾಗ, ನಿಮ್ಮ ಅಜ್ಜಿಯ ದೇವರಮನೆಯ ಪಟ ನೆನಪಾಗಿ, ‘ಕೈ ಮುಗಿಯಲು ಹೋಗಿ ನಿಂತೆ’ ಎಂದಿದ್ದೀರಲ್ಲ, ಅದು. ಮುಗಿಯಲು ಹೋದ ಕೈ ಯಾಕೆ ನಿಂತಿತು? ನಾಟಕ ಕಂಪನಿಯ ಸೀನರಿಯಂತೆ ಹಿಂದಿನ ಪರದೆ ಕಣ್ಣಿಗೆ ಬಿತ್ತೇ? ಮುಖ ದೇವಿಯದಲ್ಲ, ನೆರೆಮನೆಯವರದು ಅನ್ನಿಸಿತೇ? ನೀವು ಅಷ್ಟಕ್ಕೇ ಬಿಟ್ಟು ಪ್ರಶಸ್ತಿಗಳ ಕಡೆ ಓಡಿದ್ದೀರಿ.

ಹೊಸ ಕರಡು ಸಾವಿರದ ಇನ್ನೂರು ಪದ ಮೀರದಿರಲಿ. ಅಜ್ಜಿಯ ಮನೆಯ ಆ ಪಟ ಇನ್ನೂ ಗೋಡೆ ಮೇಲಿದ್ದರೆ ಅದರದ್ದೊಂದು ಫೋಟೋ ತೆಗೆದು ಜೊತೆಗೆ ಕಳಿಸಿ.

— ಸಂಪಾದಕ